ಗುಂಡನ ಪೆಟ್ಟಿಗೆ: ಮಿನ್ನೆಸೋಟದ ಚಳಿಯಲ್ಲಿ ಒಂದು ಹೆಬ್ಬಾವಿನ ಮನೆ

ನಮ್ಮ ಮನೆಯ ಬಾಲ್ ಪೈಥಾನ್‌ಗೆ ಗುಂಡ ಎಂದು ಹೆಸರಿಟ್ಟವಳು ಮಗಳು. ಗಾಬರಿಯಾದಾಗ ತಲೆಯನ್ನು ಒಳಗೆ ಹುದುಗಿಸಿಕೊಂಡು ಚೆಂಡಿನಂತೆ ಸುತ್ತಿಕೊಳ್ಳುವ ಈ ಪುಟ್ಟ ಆಫ್ರಿಕದ ಹೆಬ್ಬಾವಿಗೆ ಅದಕ್ಕಿಂತ ಒಪ್ಪುವ ಹೆಸರು ಕನ್ನಡದಲ್ಲಿ ಸಿಗಲಾರದು. ಅಮೆರಿಕದ ಮಿನಿಯಾಪೊಲಿಸ್‌ನ ಹೊರವಲಯದಲ್ಲಿರುವ ನಮ್ಮ ಮನೆಗೆ ಅವನು ಬಂದ ಮೇಲೆ ಮೂರು ಚಳಿಗಾಲಗಳು ಕಳೆದಿವೆ. ಅಷ್ಟರಲ್ಲಿ ಎರಡು ಪೆಟ್ಟಿಗೆ, ನಾಲ್ಕು ಬಗೆಯ ಹೀಟರ್, ಉಷ್ಣತೆಯನ್ನು ಹಿಡಿತದಲ್ಲಿಡುವ ಎರಡು ಥರ್ಮೋಸ್ಟಾಟ್‌ಗಳಿಗೆ ಹಣ ಸುರಿದಿದ್ದೇನೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಗ್ಯಾರೇಜಿನ ಮೂಲೆ ಸೇರಿವೆ. ಚಳಿಯ ನಾಡುಗಳಲ್ಲಿದ್ದುಕೊಂಡು ಮಕ್ಕಳ ಹಟಕ್ಕೆ ಮಣಿದು ಹಾವು ತರಲು ಹೊರಟಿರುವ ಕನ್ನಡಿಗರು ನನ್ನ ಹಾಗೆ ಒಂದೇ ವಸ್ತುವಿಗೆ ಎರಡು ಸಲ ಖರ್ಚು ಮಾಡದಿರಲಿ ಎಂಬ ಉದ್ದೇಶದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಲ್ಲಿನ ಅಂಗಡಿಗಳಲ್ಲಿ ಉಷ್ಣತೆಯನ್ನೆಲ್ಲ ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತಾರೆ. ನಮ್ಮ ಓದುಗರಿಗಾಗಿ ಸೆಲ್ಸಿಯಸ್‌ಗೆ ಬದಲಿಸಿ ಬರೆದಿದ್ದೇನೆ.

ಪೆಟ್ಟಿಗೆಯ ಗುಣದೋಷ ಹೇಳುವ ಮೊದಲು, ಅದರಲ್ಲಿ ಇರಬೇಕಾದವನ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲುಗಳ ಹಾವು. ಹಗಲನ್ನು ಹೆಗ್ಗಣಗಳಂಥ ಪ್ರಾಣಿಗಳು ತೋಡಿದ ಬಿಲಗಳಲ್ಲಿ, ಗೆದ್ದಲಿನ ಹುತ್ತಗಳಲ್ಲಿ ಕಳೆದು, ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಎಂದು ನಮ್ಮ ಕಡೆ ಹೇಳುವ ಮಾತು ಅಲ್ಲಿಗೂ ಅಕ್ಷರಶಃ ಸಲ್ಲುತ್ತದೆ. ಹುತ್ತದೊಳಗೆ ಕತ್ತಲು, ಇಕ್ಕಟ್ಟು, ತೇವ, ಹಿತವಾದ ಬೆಚ್ಚು ಎಲ್ಲವೂ ಒಟ್ಟಿಗೆ ಇರುತ್ತವೆ. ನಾವು ಹಣ ಕೊಟ್ಟು ಕಟ್ಟಬೇಕಾದದ್ದು ಅದನ್ನೇ: ಒಂದು ತುದಿಯಲ್ಲಿ 31ರಿಂದ 33 ಡಿಗ್ರಿ, ಇನ್ನೊಂದು ತುದಿಯಲ್ಲಿ 24ರಿಂದ 27 ಡಿಗ್ರಿ, ನಡುವೆ ಹಾವು ತನಗೆ ಬೇಕಾದಲ್ಲಿಗೆ ಸರಿಯುವಷ್ಟು ಜಾಗ, ಮತ್ತು 60ರಿಂದ 80 ಪ್ರತಿಶತ ತೇವಾಂಶ. ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದ ಪ್ರಾಣಿಗೆ ಈ ಎರಡು ತುದಿಗಳ ವ್ಯತ್ಯಾಸ ಬಹಳ ಮುಖ್ಯ. ತಿಂದ ಇಲಿ ಅರಗಬೇಕಾದರೆ ಬಿಸಿಯ ಕಡೆಗೆ ಹೋಗುತ್ತದೆ, ಸಾಕೆನಿಸಿದರೆ ತಂಪಿಗೆ ಬರುತ್ತದೆ. ಇಡೀ ಪೆಟ್ಟಿಗೆ ಒಂದೇ ಉಷ್ಣತೆಯಲ್ಲಿದ್ದರೆ ಅದಕ್ಕೆ ಆಯ್ಕೆಯೇ ಇರುವುದಿಲ್ಲ.

ನಾವು ಮೊದಲು ಕೊಂಡದ್ದು ದೊಡ್ಡ ಸಾಕುಪ್ರಾಣಿ ಅಂಗಡಿಯೊಂದರಲ್ಲಿ, ಎಲ್ಲವೂ ಇದರಲ್ಲೇ ಇದೆ ಎಂಬ ಭರವಸೆಯೊಂದಿಗೆ ಮಾರುವ ಸಿದ್ಧ ಕಿಟ್ಟನ್ನು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ 40 ಗ್ಯಾಲನ್ ಗಾಜಿನ ತೊಟ್ಟಿ, ಅದರ ಮೇಲೆ ಲೋಹದ ಜಾಲರಿಯ ಮುಚ್ಚಳ, ತಳಕ್ಕೆ ಅಂಟಿಸುವ ಹೀಟ್ ಮ್ಯಾಟ್, ರಾತ್ರಿಗೆಂದು ಒಂದು ಕೆಂಪು ಬಲ್ಬು, ಉಷ್ಣತೆ ಮತ್ತು ತೇವಾಂಶ ನೋಡಲು ಗಾಜಿಗೆ ಅಂಟಿಸುವ ಎರಡು ಮುಳ್ಳಿನ ಮೀಟರ್‌ಗಳು. ಥರ್ಮೋಸ್ಟಾಟ್ ಇರಲಿಲ್ಲ. ಕೇಳಿದರೆ, ಮ್ಯಾಟು ಹೆಚ್ಚು ಬಿಸಿಯಾಗುವುದಿಲ್ಲ, ಅದರ ಅಗತ್ಯ ಬೀಳದು ಎಂಬ ಉತ್ತರ ಬಂತು. ಮನೆಗೆ ತಂದು ಎರಡು ಗಂಟೆ ಹಾಕಿಟ್ಟು, ದೂರದಿಂದಲೇ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ನೋಡಿದಾಗ ಮ್ಯಾಟಿನ ಮೇಲಿನ ಗಾಜು 48 ಡಿಗ್ರಿ ತೋರಿಸಿತು. ಮೇಲುತುಟಿಯ ಅಂಚಿನಲ್ಲಿರುವ ಗುಳಿಗಳಿಂದ ಕತ್ತಲಲ್ಲಿಯೂ ಇಲಿಯ ಮೈಬಿಸಿಯನ್ನು ಗುರುತಿಸಬಲ್ಲ ಈ ಹಾವು, ಹೊಟ್ಟೆಯ ಕೆಳಗಿನ ನೆಲ ಸುಡುತ್ತಿದ್ದರೂ ಅಲ್ಲಿಂದ ಕದಲದೆ ಮೈ ಬೇಯಿಸಿಕೊಳ್ಳುವುದು ಪಶುವೈದ್ಯರು ಮತ್ತೆ ಮತ್ತೆ ಕಾಣುವ ಸಂಗತಿ. ಮ್ಯಾಟಿನ ಮೇಲೆ ದಪ್ಪನೆಯ ಹಾಸು ಹಾಕಿದರೆ ಸರಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. ಹಾಸಿನಿಂದಾಗಿ ಬಿಸಿ ಮೇಲೇರಲಾರದೆ ತಳದಲ್ಲೇ ಹೆಚ್ಚುತ್ತದೆ, ಅದನ್ನು ಹುಡುಕಿಕೊಂಡು ಹಾವು ಹಾಸನ್ನು ಬಗೆದು ನೇರವಾಗಿ ಗಾಜಿನ ಮೇಲೆ ಮಲಗುತ್ತದೆ.

ಆ ಕಿಟ್ಟಿನ ನಿಜವಾದ ಸೋಲು ಕಂಡದ್ದು ಡಿಸೆಂಬರಿನಲ್ಲಿ. ಇಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿರುವಾಗ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ 1 ಗ್ರಾಂನಷ್ಟು ನೀರಾವಿ ಇರುತ್ತದೆ. ಅದೇ ಗಾಳಿ ಮನೆಯೊಳಗೆ ಬಂದು, ಫರ್ನೇಸಿನಲ್ಲಿ ಕಾದು 21 ಡಿಗ್ರಿಯಾದಾಗ 18 ಗ್ರಾಂ ಹಿಡಿಯಬಲ್ಲಷ್ಟು ಹಸಿದಿರುತ್ತದೆ. ಸಿಕ್ಕಿದಲ್ಲೆಲ್ಲ ತೇವವನ್ನು ಹೀರುತ್ತದೆ, ನಮ್ಮ ತುಟಿಗಳನ್ನೂ ಬಿಡುವುದಿಲ್ಲ. ಜಾಲರಿಯ ಮುಚ್ಚಳವೆಂದರೆ ಆ ಒಣ ಗಾಳಿಗೆ ಬಾಗಿಲು ತೆರೆದಿಟ್ಟಂತೆಯೇ. ಬಿಸಿ ಗಾಳಿ ಮೇಲೇರಿ ಜಾಲರಿಯಿಂದ ಹೊರಟುಹೋಗುವಾಗ ತೇವವನ್ನೂ ಜೊತೆಗೆ ಒಯ್ಯುತ್ತದೆ. ಮುಚ್ಚಳದ ಮುಕ್ಕಾಲು ಭಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿದೆ, ಅದರ ಮೇಲೆ ಒದ್ದೆ ಟವೆಲ್ ಹೊದಿಸಿದೆ, ದಿನಕ್ಕೆ ಮೂರು ಸಲ ನೀರು ಸಿಂಪಡಿಸಿದೆ. ಮುಳ್ಳಿನ ಮೀಟರ್ ಅಷ್ಟೂ ದಿನ 60 ಪ್ರತಿಶತ ಎಂದು ನಗುತ್ತಲೇ ಇತ್ತು. ಅನುಮಾನ ಬಂದು ಒಂದು ಡಿಜಿಟಲ್ ಮೀಟರ್ ತಂದೆ. ಅಡುಗೆ ಉಪ್ಪನ್ನು ಬಟ್ಟಲಲ್ಲಿ ಹಾಕಿ, ಕರಗಿಹೋಗದಂತೆ ತುಸುವೇ ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ದಿನ ಇಟ್ಟರೆ ಮೀಟರ್ 75 ತೋರಿಸಬೇಕು. ಹೊಸದು 74 ತೋರಿಸಿತು, ಹಳೆಯದು ಅಲ್ಲಿಯೂ 60ರಿಂದ ಕದಲಲಿಲ್ಲ. ತೊಟ್ಟಿಯೊಳಗೆ ನಿಜವಾಗಿ ಇದ್ದದ್ದು 28.

ಆ ತಿಂಗಳ ಕೊನೆಗೆ ಗುಂಡನ ಕಣ್ಣುಗಳು ನೀಲಿ ಹಾಲಿನಂತೆ ಮಂಜಾದವು. ಪೊರೆ ಬಿಡುವ ಸೂಚನೆ. ತೇವ ಸರಿಯಾಗಿದ್ದರೆ ಪೊರೆ ಮೂತಿಯಿಂದ ಬಾಲದವರೆಗೆ, ಕಾಲುಚೀಲವನ್ನು ಒಳಹೊರಗಾಗಿಸಿ ಎಳೆದಂತೆ ಒಂದೇ ತುಂಡಾಗಿ ಕಳಚಬೇಕು. ನಮಗೆ ಸಿಕ್ಕದ್ದು ಒಣಗಿದ ಈರುಳ್ಳಿ ಸಿಪ್ಪೆಯಂಥ ಚೂರುಗಳು. ಬಾಲದ ತುದಿಯಲ್ಲಿ ಒಂದು ಉಂಗುರ ಬಿಗಿದುಕೊಂಡಿತ್ತು, ಎಡಗಣ್ಣಿನ ಮೇಲಿನ ಪೊರೆ ಹಾಗೆಯೇ ಉಳಿದಿತ್ತು. ಬೆಚ್ಚಗಿನ ಒದ್ದೆ ಬಟ್ಟೆಯಿದ್ದ ಡಬ್ಬಿಯಲ್ಲಿ ಅರ್ಧ ಗಂಟೆ ಕೂರಿಸಿದ ಮೇಲೆ ಬಾಲದ್ದು ಬಿಟ್ಟಿತು, ಕಣ್ಣಿನದಕ್ಕೆ ಮುಂದಿನ ಪೊರೆಯವರೆಗೂ ಕಾಯಬೇಕಾಯಿತು. ಕಣ್ಣಿನ ಪೊರೆಯನ್ನು ಚಿಮಟದಿಂದ ಕೀಳಲು ಯಾರೂ ಹೋಗಬಾರದು. 180 ಡಾಲರಿನ ಆ ಕಿಟ್ಟಿನಲ್ಲಿ ಇಂದಿಗೂ ಬಳಕೆಯಲ್ಲಿರುವುದು ನೀರಿನ ಬಟ್ಟಲೊಂದೇ. ಐದಕ್ಕೆ ಒಂದು ಅಂಕ ಕೊಡುವುದಿದ್ದರೆ ಅದನ್ನು ಆ ಬಟ್ಟಲಿಗೇ ಕೊಡಬೇಕು.

ಎರಡನೆಯದಾಗಿ ಕೊಂಡದ್ದು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪಿವಿಸಿ ಪೆಟ್ಟಿಗೆ. ಮುಂಭಾಗಕ್ಕೆ ಜಾರುವ ಗಾಜಿನ ಬಾಗಿಲು, ಎರಡು ಪಕ್ಕಗಳಲ್ಲಿ ಸಣ್ಣ ಗಾಳಿಕಿಂಡಿಗಳು. ಬೆಲೆ ಸಾಗಣೆ ಸೇರಿ 390 ಡಾಲರ್. ಇಂಥವನ್ನು ಇಲ್ಲಿ ಹತ್ತಾರು ಸಣ್ಣ ತಯಾರಕರು ಹೆಚ್ಚುಕಡಿಮೆ ಒಂದೇ ವಿನ್ಯಾಸದಲ್ಲಿ ಮಾಡುತ್ತಾರೆ, ಆದ್ದರಿಂದ ನನ್ನ ಮಾತುಗಳನ್ನು ಒಂದು ಕಂಪನಿಯ ಬಗ್ಗೆ ಎನ್ನುವುದಕ್ಕಿಂತ ಈ ಬಗೆಯ ಪೆಟ್ಟಿಗೆಯ ಬಗ್ಗೆ ಎಂದು ಓದಿಕೊಳ್ಳಬೇಕು. ಐದು ವಾರ ಎಂದವರು ಒಂಬತ್ತು ವಾರಕ್ಕೆ ಕಳುಹಿಸಿದರು. ಹಿಂಬದಿಯ ಹಲಗೆಯ ಒಂದು ಮೂಲೆ ಮುರಿದು ಬಂದಿತ್ತು. ಫೋಟೊ ಕಳುಹಿಸಿದ ಮೇಲೆ ಹೊಸ ಹಲಗೆ ಬರಲು ಇನ್ನೂ ಎರಡು ವಾರ. ಜೋಡಣೆಯೇನೋ ಕಷ್ಟವಿಲ್ಲ, ಸ್ಕ್ರೂಡ್ರೈವರ್ ಹಿಡಿಯಬಲ್ಲ ಇಬ್ಬರಿಗೆ ಒಂದು ಗಂಟೆಯ ಕೆಲಸ. ಪ್ಲಾಸ್ಟಿಕ್ಕಿನ ವಾಸನೆ ಹೋಗಲೆಂದು ಒಳಗೆ ಹೀಟರ್ ಹಾಕಿ, ಬಾಗಿಲು ತೆರೆದಿಟ್ಟು ಒಂದು ವಾರ ಖಾಲಿ ಬಿಟ್ಟೆವು. ಹಾವನ್ನು ಕೈಯಲ್ಲಿ ಹಿಡಿದುಕೊಂಡು ಪೆಟ್ಟಿಗೆ ಜೋಡಿಸಲು ಕೂರುವವರು ಈ ವಾರವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಆದರೆ ಒಮ್ಮೆ ನಿಂತ ಮೇಲೆ ಈ ಪೆಟ್ಟಿಗೆ ಮಾಡಿದ ಕೆಲಸವನ್ನು ನೋಡಿ ನನಗೆ ಹಿಂದಿನ ಚಳಿಗಾಲದ ಟವೆಲ್ ಸೇವೆಯೆಲ್ಲ ವ್ಯರ್ಥ ಎನಿಸಿತು. ಪಿವಿಸಿ ಹಲಗೆಯ ಮೈಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವುದರಿಂದ ಬಿಸಿ ಸುಲಭವಾಗಿ ದಾಟಿಹೋಗುವುದಿಲ್ಲ, ನೀರಿಗೆ ಅದು ಉಬ್ಬುವುದೂ ಇಲ್ಲ. ತಳಕ್ಕೆ ನಾಲ್ಕು ಅಂಗುಲ ತೆಂಗಿನ ನಾರಿನ ಪುಡಿ ಮತ್ತು ಸಿಪ್ಪೆಯ ಚೂರು ಹಾಸಿ, ವಾರಕ್ಕೊಮ್ಮೆ ಮೂಲೆಗಳಲ್ಲಿ ಎರಡು ಲೋಟ ನೀರು ಸುರಿದರೆ ಮೇಲ್ಮೈ ಒಣಗಿದ್ದು ಕೆಳಗೆ ತೇವ ಉಳಿಯುತ್ತದೆ, ಮೀಟರು 65ರಿಂದ 70ರ ನಡುವೆ ನಿಲ್ಲುತ್ತದೆ. ತಿಪಟೂರಿನ ಕಡೆಯವನಾದ ನಾನು, ನಮ್ಮೂರಲ್ಲಿ ತೋಟದ ಬದಿಗೆ ರಾಶಿ ಹಾಕುತ್ತಿದ್ದ ಅದೇ ಪುಡಿಯ ಇಟ್ಟಿಗೆಗೆ ಇಲ್ಲಿ ಹತ್ತು ಡಾಲರ್ ತೆರುತ್ತಿದ್ದೇನೆ ಎಂಬುದನ್ನು ತಂದೆಗೆ ಇನ್ನೂ ಹೇಳಿಲ್ಲ. ಅಮ್ಮನಿಗೆ ಮಾತ್ರ ವಿಡಿಯೊ ಕರೆಯಲ್ಲಿ ಪೆಟ್ಟಿಗೆಯನ್ನು ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಬೀಗ ಹಾಕಿದೀಯೇನಪ್ಪಾ?”

ಪ್ರಶ್ನೆ ಸರಿಯಾದದ್ದೇ. ಎರಡು ಗಾಜುಗಳು ಒಂದರ ಹಿಂದೆ ಒಂದು ಜಾರುವಲ್ಲಿ, ಅವುಗಳ ನಡುವೆ ನಾಲ್ಕು ಮಿಲಿಮೀಟರಿನಷ್ಟು ಸಂದು ಇದೆ. ಒಂದೂವರೆ ಕಿಲೋ ತೂಗುವ ಗುಂಡನಿಗೆ ಅದರಿಂದ ನುಸುಳಲಾಗದು, ಆದರೆ ಬೀಗವಿಲ್ಲದಿದ್ದರೆ ಮೂತಿಯಿಂದ ಗಾಜನ್ನು ತಳ್ಳಿ ಸರಿಸಬಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್ ಸಾಕುವವರು ಇನ್ನೂ ಎಚ್ಚರದಿಂದಿರಬೇಕು. ಅದರ ಮರಿ ಪೆನ್ಸಿಲಿನಷ್ಟು ತೆಳ್ಳಗಿರುತ್ತದೆ, ತಪ್ಪಿಸಿಕೊಳ್ಳುವುದರಲ್ಲಿ ಹೆಸರಾದದ್ದು. ಸಂದಿಗೆ ಪಾರದರ್ಶಕ ರಬ್ಬರ್ ಪಟ್ಟಿ ಅಂಟಿಸಬೇಕು, ಆಭರಣದ ಅಂಗಡಿಯ ಷೋಕೇಸಿಗೆ ಹಾಕುವಂಥ ಹಲ್ಲಿನ ಬೀಗವನ್ನು ಹಾಕಬೇಕು. ನನಗೆ ಬೀಗಕ್ಕೆ ಪ್ರತ್ಯೇಕ ಹಣ ಕೇಳಿದ್ದು ಸರಿ ಎನಿಸಲಿಲ್ಲ. ವೈರು ಹೊರಬರುವ ತೂತಿಗೆ ಒಂದು ರಬ್ಬರ್ ಬಳೆ ಕೂಡ ಕೊಟ್ಟಿರಲಿಲ್ಲ.

ಇನ್ನು ಬಿಸಿಯ ವಿಷಯ. ಪೆಟ್ಟಿಗೆಗೆ ಅಷ್ಟು ಹಣ ಹೋದ ಮೇಲೆ ಉಳಿತಾಯದ ಬುದ್ಧಿ ಬಂದು, ಹಳೆಯ ಗಾಜಿನ ತೊಟ್ಟಿಯ ಕೊನೆಯ ದಿನಗಳಲ್ಲಿ ತಂದಿದ್ದ 100 ವಾಟ್‌ನ ಸೆರಾಮಿಕ್ ಹೀಟರನ್ನೇ ಹೊಸ ಪೆಟ್ಟಿಗೆಯ ಮಾಡಿಗೆ ತಂತಿಯ ಪಂಜರದೊಳಗೆ ಕೂರಿಸಿದೆ. ಬೆಳಕು ಕೊಡದೆ ಬರೀ ಬಿಸಿ ಕೊಡುವ ಈ ಪಿಂಗಾಣಿ ಬಲ್ಬು ಗಾಳಿಯನ್ನು ಚೆನ್ನಾಗಿಯೇ ಕಾಯಿಸುತ್ತದೆ. ಅದರ ಮೈ ಮಾತ್ರ ಕಾದ ಕಾವಲಿಯಂತೆ, ಪಂಜರವಿಲ್ಲದೆ ಪೆಟ್ಟಿಗೆಯೊಳಗೆ ಇಡುವಂತೆಯೇ ಇಲ್ಲ, ಪ್ಲಾಸ್ಟಿಕ್ ಹೋಲ್ಡರಿಗೂ ಹಾಕಬಾರದು. ಇದನ್ನು ಆಳಲು 30 ಡಾಲರಿನ ಒಂದು ಥರ್ಮೋಸ್ಟಾಟ್. ಉಷ್ಣತೆಯನ್ನು ಗ್ರಹಿಸುವ ಅದರ ವೈರಿನ ತುದಿಯನ್ನು, ಅಂದರೆ ಪ್ರೋಬನ್ನು, ಗಾಜಿಗೆ ಅಂಟಿಕೊಳ್ಳುವ ರಬ್ಬರ್ ಬಿಲ್ಲೆಯಿಂದ ಒಳಗೋಡೆಗೆ ಅಂಟಿಸುವುದು ಅದರೊಂದಿಗೇ ಬಂದ ವ್ಯವಸ್ಥೆ.

ಜನವರಿಯ ಒಂದು ಬೆಳಿಗ್ಗೆ ಆರು ಗಂಟೆಗೆ ಕಾಫಿ ಲೋಟ ಹಿಡಿದು ಆ ಕೋಣೆಗೆ ಹೋದಾಗ ಗಾಜಿನ ಬಾಗಿಲೇ ಬೆಚ್ಚಗಿತ್ತು. ರಾತ್ರಿ ಓಡಾಡುವಾಗ ಗುಂಡ ರಬ್ಬರ್ ಬಿಲ್ಲೆಯನ್ನು ಕಿತ್ತಿದ್ದ. ಪ್ರೋಬು ಹೋಗಿ ನೀರಿನ ಬಟ್ಟಲಲ್ಲಿ ಬಿದ್ದಿತ್ತು. ನೀರು 24 ಡಿಗ್ರಿ. ಪೆಟ್ಟಿಗೆ ತಣ್ಣಗಿದೆ ಎಂದು ನಂಬಿದ ಥರ್ಮೋಸ್ಟಾಟ್ ರಾತ್ರಿಯೆಲ್ಲ ಹೀಟರನ್ನು ಒಂದು ಕ್ಷಣವೂ ಆರಿಸಿರಲಿಲ್ಲ. ಬಿಸಿ ತುದಿಯಲ್ಲಿ ಅವನು ಅಡಗಿಕೊಳ್ಳಲೆಂದು ಇಟ್ಟ ಬಿಲದ ಮೇಲ್ಮೈ 52 ಡಿಗ್ರಿ, ಅಲ್ಲಿನ ಗಾಳಿ 38. ಗುಂಡ ಇನ್ನೊಂದು ತುದಿಯ ಮೂಲೆಯಲ್ಲಿ ಮೈಯನ್ನೆಲ್ಲ ಗೋಡೆಗೆ ಒತ್ತಿಕೊಂಡು ಬಿದ್ದಿದ್ದ. ಅಲ್ಲಿ 30 ಡಿಗ್ರಿ ಇತ್ತು. ಮುಟ್ಟಿದಾಗ ನಾಲಿಗೆ ಹೊರಚಾಚಿದ, ಅಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು. ಅವನನ್ನು ಉಳಿಸಿದ್ದು ಪೆಟ್ಟಿಗೆಯ ನಾಲ್ಕನೆಯ ಅಡಿ. ಮೂರಡಿಯ ತೊಟ್ಟಿಯಾಗಿದ್ದರೆ ಅಷ್ಟು ದೂರ ಸರಿಯಲು ಜಾಗವಿರುತ್ತಿರಲಿಲ್ಲ. ಹಾವಿಗೆ ದೊಡ್ಡ ಪೆಟ್ಟಿಗೆ ಕೊಟ್ಟರೆ ಹೆದರುತ್ತದೆ, ಚಿಕ್ಕದೇ ಲೇಸು ಎಂಬ ಮಾತು ಅಂಗಡಿಗಳಲ್ಲಿ ಈಗಲೂ ಕೇಳಿಸುತ್ತದೆ. ಬಯಲಾಗಿ ಬಿಟ್ಟರೆ ಹೆದರುವುದು ನಿಜ, ಆದರೆ ಎರಡು ತುದಿಗಳಲ್ಲೂ ಮೈಗೆ ಅಂಟುವಂಥ ಇಕ್ಕಟ್ಟಾದ ಬಿಲಗಳನ್ನಿಟ್ಟು, ನಡುವೆ ಎಲೆ, ಕೊಂಬೆ ತುಂಬಿಸಿದರೆ ಉದ್ದದ ಪೆಟ್ಟಿಗೆಯಲ್ಲಿ ಹಾವು ಉಂಡು ಆರಾಮಾಗಿ ಇರುತ್ತದೆ.

ಅದೇ ವಾರ ಎರಡು ವಸ್ತುಗಳನ್ನು ತರಿಸಿದೆ. ಒಂದು, 80 ವಾಟ್‌ನ ರೇಡಿಯೆಂಟ್ ಹೀಟ್ ಪ್ಯಾನೆಲ್. ದೋಸೆ ಹೆಂಚಿಗಿಂತ ಸ್ವಲ್ಪ ದೊಡ್ಡದಾದ ಈ ಚಪ್ಪಟೆ ಹಲಗೆಯನ್ನು ಮಾಡಿಗೆ ಸ್ಕ್ರೂ ಹಾಕಿ ನಿಲ್ಲಿಸಿದರೆ, ಅದು ಬಿಸಿಯನ್ನು ಅಗಲವಾಗಿ ಹರಡುತ್ತದೆ; ಮೇಲ್ಮೈ ಸೆರಾಮಿಕ್ ಬಲ್ಬಿನಷ್ಟು ಉರಿಯಾಗುವುದಿಲ್ಲ, ಸುತ್ತಿಕೊಳ್ಳಲು ಹಾವಿಗೆ ಹಿಡಿತವೂ ಸಿಗುವುದಿಲ್ಲ, ಹಾಗಾಗಿ ಪಂಜರ ಬೇಕಿಲ್ಲ. ಇನ್ನೊಂದು, ಸ್ಪೈಡರ್ ರೊಬಾಟಿಕ್ಸ್‌ನವರ ಹರ್ಪ್‌ಸ್ಟಾಟ್ ಎಂಬ ಥರ್ಮೋಸ್ಟಾಟ್. ಅಗ್ಗದ ಥರ್ಮೋಸ್ಟಾಟ್ ಸ್ವಿಚ್ಚಿನ ಹಾಗೆ ಪೂರ್ತಿ ಹಾಕುತ್ತದೆ, ಇಲ್ಲವೇ ಪೂರ್ತಿ ಆರಿಸುತ್ತದೆ, ಉಷ್ಣತೆ ಮೂರು ಡಿಗ್ರಿ ಮೇಲೆ ಕೆಳಗೆ ತೂಗುತ್ತಿರುತ್ತದೆ. ಇದು ಬೇಕಾದಷ್ಟೇ ವಿದ್ಯುತ್ತನ್ನು ಸಣ್ಣ ಸಣ್ಣ ಮಿಡಿತಗಳಲ್ಲಿ ಬಿಡುವುದರಿಂದ ನನ್ನ ಪೆಟ್ಟಿಗೆಯಲ್ಲಿ ಅರ್ಧ ಡಿಗ್ರಿಯ ಆಚೀಚೆ ಹೋದದ್ದನ್ನು ನಾನು ಕಂಡಿಲ್ಲ. ನಿಗದಿ ಮಾಡಿದ ಮಿತಿ ದಾಟಿದರೆ ಕೂಗಿ ಎಬ್ಬಿಸುತ್ತದೆ, ರಾತ್ರಿಗೆ ಎರಡು ಡಿಗ್ರಿ ಇಳಿಸು ಎಂದರೆ ತಾನೇ ಇಳಿಸಿಕೊಳ್ಳುತ್ತದೆ. ಹಳೆಯದರ ಐದಾರು ಪಟ್ಟು ಬೆಲೆ ಎಂಬುದು ಕೊಳ್ಳುವಾಗ ಚುಚ್ಚಿತ್ತು. ಎಂಥ ದುಬಾರಿ ಥರ್ಮೋಸ್ಟಾಟ್ ಆದರೂ ಪ್ರೋಬು ಹೇಳಿದ್ದನ್ನಷ್ಟೇ ನಂಬುತ್ತದೆಯಾದ್ದರಿಂದ, ಪ್ರೋಬನ್ನು ಈಗ ವೈರಿಂಗಿನ ಕ್ಲಿಪ್ಪು ಮತ್ತು ಸ್ಕ್ರೂಗಳಿಂದ ಬಿಸಿ ತುದಿಯ ಗೋಡೆಗೆ, ಹಾಸಿನಿಂದ ಒಂದು ಗೇಣು ಮೇಲೆ, ಎರಡು ಕಡೆ ಬಿಗಿದಿದ್ದೇನೆ. ಅಲ್ಲಿ 33 ಇಟ್ಟರೆ ಬಿಲದ ನೆಲ 31 ಬರುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಈ ಲೆಕ್ಕ ಬೇರೆಯಾದೀತು. ಗನ್ ಹಿಡಿದು ನೆಲವನ್ನೇ ಅಳೆದು ಹೊಂದಿಸಿಕೊಳ್ಳಬೇಕು, ಮತ್ತು ಹಾವು ಒಳಗೆ ಬರುವ ಮೊದಲೇ ಎರಡು ದಿನ ಅಳೆಯಬೇಕು.

ಬೇರೆ ದಾರಿಗಳೂ ಇವೆ. ಆರ್ಕೇಡಿಯಾದವರ ಡೀಪ್ ಹೀಟ್ ಪ್ರೊಜೆಕ್ಟರ್ ಬೆಳಕಿಲ್ಲದೆ ಬಿಸಿ ಕೊಡುತ್ತದೆ, ಹಗಲಿಗೆ ಹ್ಯಾಲೊಜೆನ್ ಬಲ್ಬು ಹಾಕುವವರೂ ಇದ್ದಾರೆ. ಹ್ಯಾಲೊಜೆನ್‌ಗೆ ಮಿಡಿತದ ಥರ್ಮೋಸ್ಟಾಟ್ ಹಾಕಿದರೆ ಬಲ್ಬು ಮಿಣುಕುತ್ತದೆ, ಡಿಮ್ಮರ್ ಬಗೆಯದೇ ಬೇಕು. ಕೆಂಪು ಬಲ್ಬು ಹಾವಿಗೆ ಕಾಣುವುದಿಲ್ಲ ಎಂಬುದು ಹಳೆಯ ನಂಬಿಕೆ, ರಾತ್ರಿ ಬೆಳಕೇ ಬೇಡ. ಒಳಗೆ ಇಡುವ, ಕರೆಂಟಿನಿಂದ ಕಾಯುವ ಬಿಸಿ ಕಲ್ಲುಗಳನ್ನು ಇನ್ನೂ ಮಾರುತ್ತಾರೆ, ಕೊಳ್ಳಬಾರದು. ಇಂಗ್ಲೆಂಡಿನಲ್ಲಿ ಮರದ ಸಾಕುಪೆಟ್ಟಿಗೆಗಳ, ಅಂದರೆ ವಿವೇರಿಯಂಗಳ ಬಳಕೆ ಹೆಚ್ಚು. ಬಿಸಿ ಹಿಡಿಯುವುದರಲ್ಲಿ ಅವು ಪಿವಿಸಿಗೆ ಸಾಟಿ, ಆದರೆ ಕೀಲುಗಳಿಗೆಲ್ಲ ಸಿಲಿಕೋನ್ ಬಳಿಯದಿದ್ದರೆ ಈ ತೇವಕ್ಕೆ ಹಲಗೆ ಉಬ್ಬುತ್ತದೆ. ಸಾಕಣೆದಾರರು ಬಳಸುವ ಪ್ಲಾಸ್ಟಿಕ್ ಡಬ್ಬಿಗಳ ಸಾಲು ಅಗ್ಗ, ತೇವವೂ ಚೆನ್ನಾಗಿ ನಿಲ್ಲುತ್ತದೆ, ಮರಿಗೆ ಆರು ತಿಂಗಳು ನಡೆದೀತು. 20 ವರ್ಷಕ್ಕೂ ಮೀರಿ ಬದುಕುವ, ನಾಲ್ಕಡಿ ಬೆಳೆಯುವ ಹಾವನ್ನು ಜೀವಮಾನವಿಡೀ ಮೈಚಾಚಲಾಗದ ಡ್ರಾಯರಿನಲ್ಲಿಡುವುದು ನನಗೆ ಒಪ್ಪಿಗೆಯಿಲ್ಲ.

ಊರಿನ ಗೆಳೆಯರು ಪೆಟ್ಟಿಗೆಯ ಅಳತೆ ಕೇಳುವುದುಂಟು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಬಾಲ್ ಪೈಥಾನ್ ವಿದೇಶಿ ಜಾತಿಯಾದರೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿದೆ. ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳು ಸಿಕ್ಕಿದ್ದನ್ನು ನೆನೆದರೆ, ಕಾಗದಪತ್ರವಿಲ್ಲದೆ ಮಾರುವವರ ಹಾವು ಎಲ್ಲಿಂದ ಬಂದಿರಬಹುದು ಎಂಬುದನ್ನು ಊಹಿಸಬಹುದು. ಕಾನೂನಿನ ಪ್ರಕಾರವೇ ಇಟ್ಟುಕೊಂಡಿರುವ ಬೆಂಗಳೂರಿನವರಿಗೆ ಮಿನ್ನೆಸೋಟದಷ್ಟು ವಾಟ್ ಬೇಕಾಗುವುದಿಲ್ಲ, ಚಳಿಗಾಲದ ರಾತ್ರಿಗಳಿಗೆ ಸಣ್ಣ ಪ್ಯಾನೆಲ್ ಸಾಕಾದೀತು. ಥರ್ಮೋಸ್ಟಾಟ್ ಮಾತ್ರ ಅಲ್ಲಿಯೂ ಬೇಕೇ ಬೇಕು.

ಖರ್ಚಿನ ಬಗ್ಗೆ ಒಂದು ಮಾತು. ಪ್ಯಾನೆಲ್ ಚಳಿಗಾಲದಲ್ಲಿ ಸರಾಸರಿ ಅರ್ಧದಷ್ಟು ಶಕ್ತಿಯಲ್ಲಿ ಓಡುತ್ತದೆ, ಅಂದರೆ ತಿಂಗಳಿಗೆ 30 ಯೂನಿಟ್ ಕೂಡ ಮೀರುವುದಿಲ್ಲ. ಹೋದ ಫೆಬ್ರುವರಿಯಲ್ಲಿ ಕರೆಂಟು ನಾಲ್ಕು ಗಂಟೆ ಹೋಗಿ ಮನೆಯೇ 16 ಡಿಗ್ರಿಗೆ ಇಳಿದಾಗ, ಪೆಟ್ಟಿಗೆಗೆ ಎರಡು ಕಂಬಳಿ ಹೊದಿಸಿದ್ದರಿಂದ ಒಳಗೆ 21ಕ್ಕಿಂತ ಕೆಳಗೆ ಹೋಗಲಿಲ್ಲ. ಮೊದಲಿಂದ ಕೊಳ್ಳುವುದಿದ್ದರೆ ಈಗ ನಾನು ಥರ್ಮೋಸ್ಟಾಟ್‌ನಿಂದ ಶುರುಮಾಡುತ್ತೇನೆ, ಆಮೇಲೆ ಪೆಟ್ಟಿಗೆ, ಹೀಟರ್ ಅದರ ನಂತರ, ಹಾವು ಎಲ್ಲಕ್ಕಿಂತ ಕೊನೆಗೆ.

ಪಿವಿಸಿ ಪೆಟ್ಟಿಗೆಗೆ ಐದಕ್ಕೆ ನಾಲ್ಕು ಅಂಕ. ಒಂದನ್ನು ಕಳೆದದ್ದು ತಡವಾಗಿ ಬಂದದ್ದಕ್ಕಲ್ಲ, ಬಾಗಿಲು ಜಾರುವ ಕೆಳಗಿನ ತೋಡಿಗೆ. ಗುಂಡ ರಾತ್ರಿ ಬಗೆದು ಎರಚುವ ತೆಂಗಿನ ಪುಡಿ ಅದರಲ್ಲಿ ತುಂಬಿಕೊಂಡು ಗಾಜು ಪೂರ್ತಿ ಮುಚ್ಚುವುದಿಲ್ಲ, ಪೂರ್ತಿ ಮುಚ್ಚದಿದ್ದರೆ ಬೀಗ ಕೂರುವುದಿಲ್ಲ; ಅದಕ್ಕೆಂದೇ ಇಟ್ಟಿರುವ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಗಳು ಪ್ರತಿ ಭಾನುವಾರ ಅದನ್ನು ಕೆರೆದು ತೆಗೆಯುತ್ತಾಳೆ.